ಹೇಳಿ ಕಳಿಸುತ್ತೇವೆ ಎಂದು ಬಂದೆವು

ನಮ್ಮ ಮನೆತನದಲ್ಲಿ ಯಾವುದಕ್ಕೂ ಕೂಡಲೇ ಹೂಂ ಅನ್ನುವ ರೂಢಿಯಿಲ್ಲ. ಚಹಾ ಬೇಕೇ ಎಂದು ಯಾರಾದರೂ ಕೇಳಿದರೆ "ಈಗರ ಕುಡದ ಬಂದೀವ್ರಿ" ಅನ್ನಬೇಕು. ಮೂರನೇ ಸಲ ಕೇಳಿದಾಗ "ಅರ್ಧಾ ಕಪ್ ಸಾಕ್ರಿ" ಎಂದು ತುಂಬಿದ ಕಪ್ಪನ್ನೇ ಕುಡಿಯಬೇಕು. ಊಟಕ್ಕೆ ಕರೆದರೆ ನಮಗೆ ಹಸಿವೇ ಇರುವುದಿಲ್ಲ. ಇನ್ನು ಹೆಣ್ಣು ಕೇಳಲು ಬಂದವರಿಗಂತೂ, ಹುಡುಗ ಅಪ್ಪಟ ಬಂಗಾರವೇ ಆಗಿರಲಿ, ಕೊಡುವ ಉತ್ತರ ಒಂದೇ: "ಮನ್ಯಾಗ ಹಿರ್ಯಾರ ಜೋಡಿ ಮಾತಾಡಿ ಹೇಳಿ ಕಳಸ್ತೀವ್ರಿ." ತಟ್ಟನೆ ಒಪ್ಪಿದರೆ ಇವರು ಬಾಯಿ ತೆರಕೊಂಡೇ ಕೂತಿದ್ದರು ಎಂದು ನಾಲ್ಕು ಜನ ಆಡಿಕೊಳ್ಳುತ್ತಾರಂತೆ. ವಿಜಾಪುರದ ಕಡೆಯ ಹಳ್ಳಿಯಿಂದ ಗೋವೆಯ ಕುಡಚಡೆಗೆ ದುಡಿಯಲು ಬರುವಾಗ ನಮ್ಮವರು ಈ ರೂಢಿಯನ್ನು ರೊಟ್ಟಿಯ ಹಂಚಿನ ಜತೆ ಗಂಟು ಕಟ್ಟಿ ತಂದಿದ್ದರು. ಹಂಚು ಎರಡನೇ ವರ್ಷಕ್ಕೇ ಸೀಳು ಬಿಟ್ಟಿತು. ರೂಢಿ ಮಾತ್ರ ಗಟ್ಟಿಮುಟ್ಟಾಗಿ ಉಳಿದು, ಒಂದು ದಿನ ನನ್ನ ಕಾಲೇಜನ್ನೇ ಮುಳುಗಿಸಲು ಹೊರಟಿತ್ತು.

ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ಅಪ್ಪ ಪ್ಲಾಟಿನಲ್ಲಿ ದಿನಗೂಲಿ. ಗಣಿಯಿಂದ ಲಾರಿಗಳು ತಂದು ಸುರಿದ ಕಬ್ಬಿಣದ ಅದಿರನ್ನು ಹೊಳೆಯ ದಂಡೆಯಲ್ಲಿ ಗುಡ್ಡೆ ಹಾಕುವ ಬಯಲಿಗೆ ನಮ್ಮೂರಿನಲ್ಲಿ ಎಲ್ಲರೂ ಪ್ಲಾಟು ಅನ್ನುತ್ತಿದ್ದರು. ಅವ್ವ ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ಹನ್ನೆರಡನೇ ತರಗತಿಯನ್ನು ವಿಜ್ಞಾನ ತೆಗೆದುಕೊಂಡು ಪಾಸು ಮಾಡಿದ್ದೆ, ಅದೂ ಯಾರೂ ನಿರೀಕ್ಷಿಸದಷ್ಟು ಚಲೋ ಅಂಕ ಪಡೆದು. ಮುಂದೆಯೂ ವಿಜ್ಞಾನವನ್ನೇ ಓದಬೇಕೆಂಬ ಹುಚ್ಚು ನನಗೆ. ಪ್ರಯೋಗಶಾಲೆಯ ಆ ಉದ್ದನೆಯ ಮೇಜು, ಗಾಜಿನ ಸಾಮಾನು, ಒಂದು ಹನಿ ಬಿದ್ದರೆ ಬಣ್ಣ ಬದಲಾಗುವ ನೀರು, ಅಲ್ಲಿ ನಿಂತರೆ ನನಗೆ ಮನೆಯ ನೆನಪೇ ಆಗುತ್ತಿರಲಿಲ್ಲ. ಆದರೆ ಕಾಲೇಜಿನ ಫೀ ಕಟ್ಟುವ ಶಕ್ತಿ ನಮಗಿರಲಿಲ್ಲ. ಯಾರಾದರೂ ನೆರವು ಕೊಟ್ಟರೆ ಓದು, ಇಲ್ಲವಾದರೆ ಅವ್ವನ ಜತೆ ಐದನೇ ಮನೆಯ ಪಾತ್ರೆ.

ದೇವರ ದಯೆ, ಎರಡು ಕಡೆಯಿಂದ ಪತ್ರ ಬಂತು. ಮಡಗಾಂವದ ಒಂದು ಕಾಲೇಜಿನವರು, ನಮ್ಮಲ್ಲೊಂದು ವಿದ್ಯಾರ್ಥಿವೇತನವಿದೆ, ವಿಜ್ಞಾನ ಪದವಿಗೆ ಪೂರ್ತಿ ಫೀ ಮಾಫಿ, ಪುಸ್ತಕದ ಖರ್ಚೂ ಸಿಗುತ್ತದೆ, ಬಂದು ನೋಡಿ ಎಂದಿದ್ದರು. ಧಾರವಾಡದ ಒಂದು ಮಠದವರು ತಮ್ಮ ಹೆಣ್ಣುಮಕ್ಕಳ ಪ್ರಸಾದ ನಿಲಯದಲ್ಲಿ ಊಟ ವಸತಿ ಉಚಿತ ಎಂದಿದ್ದರು. ಅಲ್ಲಿ ಕಾಲೇಜಿನ ಫೀ ನಮ್ಮದೇ, ಹಾಗಾಗಿ ಕಡಿಮೆ ಫೀಯ ಬಿ.ಎ. ಮಾತ್ರ ಸಾಧ್ಯ. ಕುಡಚಡೆಯ ಸ್ಟೇಶನ್ನಿನಲ್ಲಿ ನಿಂತರೆ ಒಂದೇ ಹಳಿ. ಈ ಕಡೆಯ ಗಾಡಿ ಹತ್ತಿದರೆ ಮಡಗಾಂವ, ಸಂಜೆಗೆ ವಾಪಸು ಮನೆ. ಆ ಕಡೆಯದು ಹತ್ತಿದರೆ ಘಟ್ಟ ಹತ್ತಿ ಧಾರವಾಡ, ಹಬ್ಬಕ್ಕೊಮ್ಮೆ ಮನೆ. ನನಗೆ ಮಡಗಾಂವವೇ ಬೇಕಿತ್ತು. ಆದರೆ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಹುಡುಗಿಯರು ಬೇಕು ಅನ್ನುವುದು ಉಪ್ಪಿನಕಾಯಿಗೆ ಮಾತ್ರ.

ಪತ್ರ ಬಂದ ಸುದ್ದಿ ಅತ್ತೆಯ ಕಿವಿಗೆ ಬಿತ್ತು. ಅತ್ತೆ ಎಂದರೆ ಅಪ್ಪನ ಅಕ್ಕ, ನಮ್ಮದೇ ಓಣಿಯಲ್ಲಿ ಮೂರು ಮನೆ ಆಚೆ ಇದ್ದವಳು, ಪೇಟೆಯಲ್ಲಿ ಕಾಯಿಪಲ್ಲೆ ಮಾರುವವಳು. ಆದರೆ ಅವಳ ನಿಜವಾದ ಉದ್ಯೋಗ ಮದುವೆ ಕುದುರಿಸುವುದು. ಅವಳ ಕೈಯಿಂದ ಹನ್ನೊಂದು ಮದುವೆಗಳು ಆಗಿದ್ದವು, ಅದರಲ್ಲಿ ಒಂಬತ್ತು ಇನ್ನೂ ನಡೆಯುತ್ತಿದ್ದವು. ಎರಡೂ ಪತ್ರಗಳನ್ನು ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ ಮೇಲೆ ಕೆಳಗೆ ಕಣ್ಣಾಡಿಸಿ, "ಅಲ್ಲೋ ತಮ್ಮಾ, ಒಂದ ಹುಡುಗಿಗೆ ಎರಡು ಕಡಿಂದ ಕೇಳಾಕತ್ತಾರಂದ್ರ ಸಣ್ಣ ಮಾತಲ್ಲ. ಮೊದಲ ಮನಿ ನೋಡ್ಕೊಂಡ ಬರೂಣು" ಅಂದಳು.

"ಅಕ್ಕಾ, ಇದು ಕಾಲೇಜು. ನಾನೂ ಇಕೀ ಅವ್ವನೂ ಹುಡುಗೀನ್ನ ಕರಕೊಂಡು ಹೋಗ್ತೀವಿ" ಅಂದ ಅಪ್ಪ.

"ಮೂರು ಮಂದೀನ? ಮೂರು ಮಂದಿ ಹೋದ ಕೆಲಸ ಎಂದರ ಆಗೈತೇನು? ನಾ ಬಂದ್ರ ನಾಕ ಆಗ್ತೈತಿ."

ಲೆಕ್ಕ ಸರಿಯಾಗಿತ್ತು, ಹಾಗಾಗಿ ಯಾರೂ ಬೇಡ ಅನ್ನಲಿಲ್ಲ.

ಮೊದಲು ಧಾರವಾಡ. ಅತ್ತೆ ತನ್ನ ಇಳಕಲ್ಲ ಸೀರೆ ಉಟ್ಟು, ತೆಂಗಿನಕಾಯಿ ಹಿಡಿದು ಹೊರಟಳು. ಪ್ರಸಾದ ನಿಲಯವನ್ನು ನೋಡಿಕೊಳ್ಳುವ ಅಕ್ಕಾವರು ನಮ್ಮನ್ನು ಆಫೀಸಿನಲ್ಲಿ ಕೂರಿಸುವ ಮೊದಲೇ ಅತ್ತೆ ಅಡುಗೆಮನೆಯಲ್ಲಿದ್ದಳು. ನೀರಿನ ಹಂಡೆಯ ಮುಚ್ಚಳ ತೆಗೆದು ಮೂಸಿದಳು. ರೊಟ್ಟಿಯ ಬುಟ್ಟಿಯಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. "ದಿನಾ ಮೊಸರ ಇರ್ತೈತ್ರಿ? ಚಳಿಗಾಲದಾಗ ಬಿಸಿನೀರ? ಈ ಹುಡುಗ್ಯಾರು ಯಾಕ ಹಿಂಗ ಸೊರಗ್ಯಾರ?" ಅಲ್ಲಿ ಓದುತ್ತ ಕೂತಿದ್ದ ಒಬ್ಬ ಹುಡುಗಿಯನ್ನು ಹಿಡಿದು, "ಮನಿ ನೆನಪಾಗ್ತೈತೇನವಾ?" ಎಂದು ಕೇಳಿದಳು. ಆ ತನಕ ಆರಾಮವಾಗಿದ್ದ ಹುಡುಗಿ ಹೋ ಎಂದು ಅಳಲು ಶುರು ಮಾಡಿದಳು. ಅವಳನ್ನು ನೋಡಿ ನನ್ನ ಅವ್ವನೂ ಅತ್ತಳು. ಅಪ್ಪ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಹೊತ್ತು ಓದಿದ.

ಹೊರಡುವಾಗ ಅತ್ತೆ ಕೈಮುಗಿದು ಹೇಳಿದಳು: "ಎಲ್ಲಾ ಚಲೋ ಐತ್ರಿ. ಮನ್ಯಾಗ ಮಾತಾಡಿ ಹೇಳಿ ಕಳಸ್ತೀವ್ರಿ."

"ಆತ್ರಿ, ಸಾವಕಾಶ ಹೇಳಿ ಕಳಸ್ರಿ. ಜಾಗಾ ಹಿಡದಿರ್ತೀವಿ" ಅಂದರು ಅಕ್ಕಾವರು, ಒಂದು ಚೂರೂ ಆಶ್ಚರ್ಯಪಡದೆ. ಅವರು ನಮ್ಮವರೇ ಅಲ್ಲವೇ, ಅವರಿಗೆ ಈ ಮಾತಿನ ಒಳಹೊರಗು ಗೊತ್ತು.

ಮುಂದಿನ ವಾರ ಮಡಗಾಂವ. ಅಲ್ಲಿನ ಪ್ರಾಂಶುಪಾಲರು ಗಂಟಲು ಗಟ್ಟಿಯಿದ್ದ, ಕನ್ನಡಕ ಮೂಗಿನ ತುದಿಗಿಟ್ಟ ಹೆಂಗಸು, ಗೋವೆಯವರೇ, ಕೊಂಕಣಿ ಮತ್ತು ಹಿಂದಿ ಎರಡನ್ನೂ ಬೆರೆಸಿ ಮಾತಾಡುತ್ತಿದ್ದರು. ಅವರ ಕೋಣೆಯಲ್ಲಿ ಎರಡೇ ಕುರ್ಚಿ. ನಾವು ನಾಲ್ವರು ಒಳಗೆ ನುಗ್ಗಿದಾಗ ಜವಾನ ಓಡಾಡಿ ಸ್ಟೂಲು ತಂದ. ಅತ್ತೆ ಅಡುಗೆಮನೆ ಹುಡುಕಿದಳು, ಸಿಗಲಿಲ್ಲ. ಕೊನೆಗೆ ಕಿಟಕಿಯಿಂದ ಕಾಣುವ ಪ್ರಯೋಗಶಾಲೆಯ ಸಾಲು ಸಾಲು ನಲ್ಲಿಗಳನ್ನು ನೋಡಿ, "ನೀರಿಗೇನ ಕೊರತಿ ಇಲ್ಲ" ಎಂದು ನನ್ನ ಕಿವಿಯಲ್ಲಿ ಒಪ್ಪಿಗೆ ಕೊಟ್ಟಳು.

ಪ್ರಾಂಶುಪಾಲರು ನೇರ ವಿಷಯಕ್ಕೆ ಬಂದರು. ಫೀ ಪೂರ್ತಿ ಮಾಫಿ. ಪುಸ್ತಕಕ್ಕೆ ಹಣ. ಕೆಮಿಸ್ಟ್ರಿಯಲ್ಲಿ ಇಂಥದ್ದು ಒಂದೇ ಒಂದು ಇದೆ. ನಾಳೆ ಸಂಜೆಗೆ ಕೊನೆ, ಪಟ್ಟಿಯಲ್ಲಿ ಮುಂದಿನ ಹುಡುಗಿ ಕಾಯುತ್ತಿದ್ದಾಳೆ. ಇಷ್ಟು ಹೇಳಿ ಫಾರಮ್ಮನ್ನು ಅಪ್ಪನ ಕಡೆ ತಳ್ಳಿ ಪೆನ್ನು ಕೊಟ್ಟರು.

ಅಪ್ಪನ ಕೈ ಪೆನ್ನಿನ ಕಡೆ ಹೋಯಿತು. ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಅತ್ತೆ ಕೆಮ್ಮಿದಳು. ಹನ್ನೊಂದು ಮದುವೆಗಳಲ್ಲಿ ಪಳಗಿದ ಕೆಮ್ಮು ಅದು. ಕೇಳಿದ ಕೂಡಲೇ ಹೆಣ್ಣಿನ ಅಪ್ಪಂದಿರು ಬಾಯಿ ಮುಚ್ಚಬೇಕು. ಅಪ್ಪ ಕೈ ಹಿಂದೆಗೆದು, ಹಿಂದಿಯಲ್ಲಿ, ಮನೆಯಲ್ಲಿ ಹಿರಿಯರ ಜತೆ ಮಾತಾಡಿ ಹೇಳಿ ಕಳಿಸುತ್ತೇವೆ ಅಂದ.

ಪ್ರಾಂಶುಪಾಲರು ಕನ್ನಡಕದ ಮೇಲಿನಿಂದ ನಮ್ಮ ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. "ಮನೆಯಲ್ಲಿ ಇನ್ನೂ ಯಾರು ಉಳಿದಿದ್ದಾರೆ?"

ಯಾರೂ ಉಳಿದಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಬಂದಿದ್ದೆವು.

ಆಗ ಅವರು ನನ್ನ ಕಡೆ ತಿರುಗಿ ಕೊಂಕಣಿಯಲ್ಲಿ ಕೇಳಿದರು. "ಬಾಯ್, ತುಕಾ ಜಾಯ್ ಗೀ?" ಮಗೂ, ನಿನಗೆ ಬೇಕೇ?

ಬೇಕು, ಬೇಕು, ಬೇಕು ಎಂದು ನನ್ನ ಎದೆ ಹೊಡಕೊಳ್ಳುತ್ತಿತ್ತು. ಆದರೆ ನೋಡಲು ಬಂದವರು ಏನಾದರೂ ಕೇಳಿದರೆ ಹುಡುಗಿಯಾದವಳು ತಲೆ ತಗ್ಗಿಸಬೇಕು, ತಗ್ಗಿಸಿದರೆ ಒಪ್ಪಿದಳು ಎಂದರ್ಥ, ಇದನ್ನು ನಾನು ಎಂಟು ಹತ್ತು ಮದುವೆ ಮಾತುಕತೆಗಳಲ್ಲಿ ಬಾಗಿಲ ಮರೆಯಿಂದ ನೋಡಿ ಕಲಿತಿದ್ದೆ. ನಾನೂ ತಲೆ ತಗ್ಗಿಸಿ ಕಾಲ್ಬೆರಳು ನೋಡಿದೆ. ಭಾಳ ಚಂದ ತಗ್ಗಿಸಿದೆ. ಪ್ರಾಂಶುಪಾಲರು ನಿಟ್ಟುಸಿರು ಬಿಟ್ಟು ಫಾರಮ್ಮನ್ನು ಡ್ರಾಯರಿನಲ್ಲಿ ಇಟ್ಟರು.

ವಾಪಸು ಬರುವ ಗಾಡಿಯಲ್ಲಿ ಅತ್ತೆ ಕುಣಿಯುವುದೊಂದು ಬಾಕಿ. "ಕಂಡ್ರೇನು? ಪೆನ್ನ ಕೈಯಾಗ ಹಿಡದ ಕುಂತಿದ್ಲು! ಎಷ್ಟ ಆಸೆ ಐತಿ ನೋಡ ಅವರಿಗೆ. ಇನ್ನ ನಾಕ ದಿನ ಕಾಯ್ಸಿದ್ರ ರೈಲಿನ ಪಾಸೂ ಅವರ ಕೊಡ್ತಾರ."

"ಅತ್ತೀ, ನಾಳೆ ಸಂಜೀಕ ಕಡೀ ಅಂದ್ರು" ಅಂದೆ ನಾನು.

"ಎಲ್ಲಾ ವರನ ಕಡ್ಯಾರೂ ಹಂಗ ಅಂತಾರವಾ. 'ನಮಗ ಇನ್ನ ಎರಡು ಕಡೆ ಹುಡುಗಿ ತೋರಿಸ್ಯಾರ' ಅಂತ ಹೆದರಸ್ತಾರ. ಆಮ್ಯಾಲ ತಾವ ಬರ್ತಾರ ಬಾಗಲಕ್ಕ. ಮಡಗಾಂವ ನನಗ ಪಸಂದ ಬಂದೈತಿ, ಪಸಂದ ಬಂದಷ್ಟು ಬಿಗಿ ಹಿಡೀಬೇಕು."

ಅಕ್ಕನ ಮಾತು ಮೀರುವ ಧೈರ್ಯ ಅಪ್ಪನಿಗಿರಲಿಲ್ಲ. ಅವನ ಮದುವೆ ಕುದುರಿಸಿದವಳೂ ಅವಳೇ.

ಮೂರನೇ ದಿನ, ಹೇಳಿ ಕಳಿಸಲು ಅಪ್ಪ ನನ್ನನ್ನು ಕರೆದುಕೊಂಡು ಎಸ್‌ಟಿಡಿ ಬೂತಿಗೆ ಹೋದ. ಕಾಲೇಜಿನ ಗುಮಾಸ್ತ ಹುಡುಕಿ ನೋಡಿ ಹೇಳಿದ್ದು ಇಷ್ಟು. ನೀವು ಬೇಡವೆಂದು ಹೋದಿರಂತೆ, ಮುಂದಿನ ಹುಡುಗಿ ನಿನ್ನೆ ಬಂದು ಸಹಿ ಮಾಡಿದಳು, ಮುಗಿಯಿತು. ಅಪ್ಪ ಫೋನನ್ನು ಎರಡೂ ಕೈಯಿಂದ ಇಳಿಸಿದ. ನನ್ನ ಮುಖ ನೋಡಲಿಲ್ಲ.

ನನಗೆ ಸಿಟ್ಟು ಬಂದರೆ ಊರಿಗೆಲ್ಲ ಗೊತ್ತಾಗುತ್ತದೆ. ನೇರ ಪೇಟೆಗೆ ಹೋಗಿ, ಅತ್ತೆಯ ಬದನೆಕಾಯಿ ಬುಟ್ಟಿಯ ಮುಂದೆ ನಿಂತು, ಗಿರಾಕಿಗಳ ಎದುರೇ ಕೂಗಾಡಿದೆ. "ನಿನ್ನ ಕೆಮ್ಮಿಗೆ ಬೆಂಕಿ ಹಾಕ! ಕಾಲೇಜಿಗೆ ಗಂಡ ನೋಡಾಕ ಹೋಗಿದ್ದಿ ಏನು? ನಾ ಈಗ ಧಾರವಾಡಕ್ಕ ಹೋಗಿ ಮೂರು ವರ್ಷ ರೊಟ್ಟಿ ಎಣಸ್ಲೇನು?" ಅತ್ತೆಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ತಕ್ಕಡಿ ಕೆಳಗಿಟ್ಟಳು. ಹಿಂದೆಂದೂ ನನಗೆ ಒಂದು ಮಾತಿಗೆ ಹತ್ತು ಮಾತು ತಿರುಗಿಸದೆ ಬಿಟ್ಟವಳಲ್ಲ. ಆ ದಿನ ಸುಮ್ಮನೆ ಬುಟ್ಟಿ ಎತ್ತಿಕೊಂಡು ಮನೆಗೆ ಹೋದಳು. ಗಿರಾಕಿಯೊಬ್ಬರು ಅರ್ಧ ಕಿಲೋ ಬದನೆಕಾಯಿಯ ಚೀಲ ಹಿಡಿದು, ದುಡ್ಡು ಯಾರಿಗೆ ಕೊಡಬೇಕೆಂದು ತಿಳಿಯದೆ ನನಗೇ ಕೊಟ್ಟರು.

ಎರಡು ದಿನ ಅತ್ತೆ ನಮ್ಮ ಬಾಗಿಲಿಗೆ ಬರಲಿಲ್ಲ. ಮೂರನೇ ದಿನ ಬೆಳಗ್ಗೆ ಬಂದು, ಒಳಗೆ ಕಾಲಿಡದೆ, ಹೊಸ್ತಿಲಲ್ಲಿ ಕೂತು ಅಪ್ಪನಿಗೆ ಹೇಳಿದಳು. "ತಮ್ಮಾ, ತಪ್ಪು ನಂದು. ನನಗ ಗೊತ್ತಿದ್ದದ್ದು ಒಂದ ವ್ಯವಹಾರ, ಎಲ್ಲಾದಕ್ಕೂ ಅದನ್ನ ಹಚ್ಚಿದೆ. ಒಮ್ಮೆ ಹೋಗಿ ಕೇಳಿ ಬಾ. ಹೆಣ್ಣಿನ ಕಡ್ಯಾರು ತಿರುಗಿ ಹೋಗಬಾರದು ಅಂತಾರ ಖರೇ, ಹೋಗು. ಮಾನ ಹೋದ್ರ ನಂದು ಹೋತು ಅಂತ ತಿಳಿ." ಆ ಮಾತು ಕೇಳಿ ನನ್ನ ಸಿಟ್ಟೆಲ್ಲ ಇಳಿದು ನಾಚಿಕೆಯಾಯಿತು. ಬದನೆಕಾಯಿಯ ದುಡ್ಡು ತಂದು ಅವಳ ಕೈಗಿಟ್ಟೆ. ಅವಳು ಎಣಿಸಿ ನೋಡಿ, "ಎಂಟಾಣೆ ಕಡಿಮಿ ಇಸಗೊಂಡಿ" ಅಂದಳು.

ಅಪ್ಪ ಅವತ್ತಿನ ಕೂಲಿ ಬಿಟ್ಟ. ನಾವಿಬ್ಬರೇ ಹೋದೆವು.

ಪ್ರಾಂಶುಪಾಲರು ನಮ್ಮನ್ನು ನೋಡಿ, "ಹಿರಿಯರು ಏನಂದರು?" ಎಂದು ಕೇಳಿದರು. ಅಪ್ಪನ ಹಿಂದಿಯಲ್ಲಿ ಅರ್ಧ ಕನ್ನಡ, ಕಾಲು ಭಾಗ ಮರಾಠಿ. ಅದರಲ್ಲೇ ನಿಂತುಕೊಂಡು ಹೇಳಿದ. ಹಿರಿಯರು ಯಾರೂ ಇಲ್ಲ ಬಾಯಿಸಾಬ್, ಮನೆಗೆ ಹಿರಿಯ ನಾನೇ. ನಮ್ಮಲ್ಲಿ ಕೂಡಲೇ ಹೂಂ ಅಂದರೆ ಹಗುರಾಗುತ್ತೇವೆ, ಅದಕ್ಕೇ ಅನ್ನಲಿಲ್ಲ. ಬೇಡ ಅಂದದ್ದಲ್ಲ ಅದು. ಬೇಕು ಅನ್ನುವುದನ್ನೇ ನಾವು ಹಾಗೆ ಹೇಳುತ್ತೇವೆ.

ಅವರು ಕನ್ನಡಕ ತೆಗೆದು ಅಪ್ಪನನ್ನು ನೋಡಿದರು. ಆಮೇಲೆ ಗಟ್ಟಿಯಾಗಿ ನಕ್ಕರು, ಜವಾನ ಬಾಗಿಲಲ್ಲಿ ಇಣುಕುವಷ್ಟು. "ಅಯ್ಯೋ, ಮೊದಲೇ ಹೇಳಬಾರದಿತ್ತೇ! ಅದು ಕೊಟ್ಟಾಗಿದೆ, ಇನ್ನು ಆ ಹುಡುಗಿಯಿಂದ ಕಿತ್ತುಕೊಳ್ಳಲಾಗದು. ಆದರೆ ಇನ್ನೊಂದಿದೆ. ಇಷ್ಟೇ ನೆರವು, ವಿಜ್ಞಾನದ್ದೇ, ಆದರೆ ಜಿಯಾಲಜಿ ಓದುವವರಿಗೆ. ಹೋದ ವರ್ಷ ಯಾರೂ..."

"ಒಪ್ಪಿಗಿ ಐತ್ರಿ!" ಅಂದ ಅಪ್ಪ, ಕನ್ನಡದಲ್ಲೇ, ಅವರ ಮಾತು ಮುಗಿಯುವ ಮೊದಲೇ. ನನ್ನ ಅಪ್ಪ ಜೀವಮಾನದಲ್ಲಿ ಮೊದಲ ಸಲ ತಟ್ಟನೆ ಹೂಂ ಅಂದಿದ್ದ. ಅದೂ ಏನಕ್ಕೆಂದು ತಿಳಿಯದೆ.

"ಜಿಯಾಲಜಿ ಎಂದರೇನು ಗೊತ್ತೇ?"

"ಇಲ್ರಿ."

"ನಾನು ನಿಮ್ಮನ್ನು ಕೇಳುತ್ತಿಲ್ಲ, ಇವಳನ್ನು ಕೇಳುತ್ತಿದ್ದೇನೆ." ಈ ಸಲ ನಾನು ತಲೆ ತಗ್ಗಿಸಲಿಲ್ಲ. ನನಗೂ ಅದರ ಬಗ್ಗೆ ಏನೂ ತಿಳಿದಿರಲಿಲ್ಲ. ಅದರಲ್ಲಿ ಏನು ಕಲಿಸುತ್ತಾರೆ ಮ್ಯಾಡಮ್ ಎಂದು ಕೇಳಿದೆ. ಅವರು ಜವಾನನನ್ನು ಕಳಿಸಿ ಆ ವಿಭಾಗದ ಮೇಷ್ಟ್ರನ್ನು ಕರೆಸಿದರು. ತೆಳ್ಳಗಿನ ಮೇಷ್ಟ್ರು ಬರುವಾಗ ಒಂದು ಮರದ ತಟ್ಟೆಯಲ್ಲಿ ಐದಾರು ಕಲ್ಲುಗಳನ್ನು ಜೋಡಿಸಿ ತಂದರು. ಭೂಮಿಯ ಬಗ್ಗೆ, ಕಲ್ಲು ಮಣ್ಣಿನ ಬಗ್ಗೆ ಕಲಿಯುವುದು ಎಂದು ಹೇಳಿ ತಟ್ಟೆಯನ್ನು ಮೇಜಿನ ಮೇಲಿಟ್ಟರು.

ಅಪ್ಪ ಯಾರ ಅಪ್ಪಣೆಯನ್ನೂ ಕೇಳದೆ ಅದರಲ್ಲಿದ್ದ ಕೆಂಪು ಕಲ್ಲೊಂದನ್ನು ಎತ್ತಿಕೊಂಡ. ಅಂಗೈಯಲ್ಲಿ ಎರಡು ಸಲ ತೂಗಿದ. ಹೆಬ್ಬೆರಳಿನಿಂದ ಉಜ್ಜಿ ಬೆರಳಿಗೆ ಹತ್ತಿದ ಬಣ್ಣ ನೋಡಿದ. "ಚಲೋ ಮಾಲ್ರಿ ಇದು. ಅರವತ್ತರ ಮ್ಯಾಲ ಐತಿ, ಅರವತ್ತೆರಡು ಇರಬೇಕು." ಅದಿರಿನಲ್ಲಿ ನೂರಕ್ಕೆ ಕಬ್ಬಿಣ ಎಷ್ಟಿದೆ ಎಂಬುದರ ಲೆಕ್ಕ ಅದು, ಪ್ಲಾಟಿನಲ್ಲಿ ಎಲ್ಲರ ಬಾಯಲ್ಲೂ ಇರುವ ಲೆಕ್ಕ. ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಮೇಷ್ಟ್ರು ಕಲ್ಲನ್ನು ಇಸಿದುಕೊಂಡು ತಿರುಗಿಸಿ, ತಳಕ್ಕೆ ಅಂಟಿಸಿದ್ದ ಚೀಟಿ ಓದಿದರು. ಅರವತ್ತೆರಡು ಎಂದೇ ಬರೆದಿತ್ತು.

"ಬೈಠಿಯೇ" ಅಂದರು ಮೇಷ್ಟ್ರು ಅಪ್ಪನಿಗೆ. ಅಷ್ಟು ಹೊತ್ತು ಅಪ್ಪ ನಿಂತೇ ಇದ್ದ. ಉಳಿದ ಕಲ್ಲುಗಳನ್ನೂ ಒಂದೊಂದಾಗಿ ಅವನ ಕೈಗೆ ಕೊಟ್ಟು ಕೇಳತೊಡಗಿದರು. ಎರಡು ಗೊತ್ತಿದ್ದವು, ಮೂರು ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು "ಇದು ನಮ್ಮ ಕಡೆ ಬಂದಿಲ್ರಿ" ಎಂದು ಗೌರವದಿಂದ ಹಿಂದೆ ಕೊಟ್ಟ. ಕುರ್ಚಿಯಲ್ಲಿ ಕೂತ ನನ್ನ ಅಪ್ಪನಿಗೆ ಓದಿದವರೊಬ್ಬರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಕೆಮಿಸ್ಟ್ರಿ ಮರೆತೇ ಹೋಯಿತು.

"ಜಾಯ್, ಮ್ಯಾಡಮ್" ಅಂದೆ. "ಮ್ಹಾಕಾ ಜಾಯ್." ನನಗೆ ಬೇಕು. ಗಟ್ಟಿಯಾಗಿಯೇ ಅಂದೆ, ಇಲ್ಲೂ ಮುಂದಿನ ಹುಡುಗಿ ಯಾರಾದರೂ ಕಾಯುತ್ತಿದ್ದರೆ ಅವಳಿಗೂ ಕೇಳಲಿ ಎಂದು.

ಸುದ್ದಿ ಕೇಳಿ ಅತ್ತೆ ಸಂತೋಷದಿಂದ ಕಣ್ಣು ಒರೆಸಿಕೊಂಡಳು, ಆಮೇಲೆ ವಿಷಯವೇನೆಂದು ಕೇಳಿ ಹಣೆ ಬಡಿದುಕೊಂಡಳು. "ಕಲ್ಲಾ? ಕಲ್ಲ ಕಲಿಯಾಕ ಕಾಲೇಜ ಬೇಕೇನ? ನಿಮ್ಮಪ್ಪನ ಜೋಡಿ ಪ್ಲಾಟಿಗೆ ಹೋಗಿದ್ರ ಪುಕ್ಕಟ ಕಲೀತಿದ್ದಿ, ಮ್ಯಾಲ ಕೂಲೀನೂ ಬರ್ತಿತ್ತು!" ಅವ್ವ ಮಾತ್ರ, ದಿನಾ ಸಂಜೆ ಮನೆಗೆ ಬರುತ್ತೇನಲ್ಲ ಎಂಬ ಒಂದೇ ಸಮಾಧಾನಕ್ಕೆ ಅವತ್ತು ಶೇಂಗಾ ಹೋಳಿಗೆ ಮಾಡಿದಳು. ಧಾರವಾಡದ ಅಕ್ಕಾವರಿಗೆ, ಈ ಸಲ ಆಗಲಿಲ್ಲ, ಕ್ಷಮಿಸಬೇಕು ಎಂದು ನಾನೇ ಪತ್ರ ಬರೆದೆ.

ಕಾಲೇಜು ಶುರುವಾಗಿ ಎರಡು ಮೂರು ತಿಂಗಳಾಗಿರಬೇಕು. ಭಾನುವಾರ ಮಧ್ಯಾಹ್ನ ನಾನು ನೆಲದ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಿದ್ದೆ. ಅಪ್ಪ ಉಂಡು ಬಂದು ಎದುರಿಗೆ ಕೂತ. ಯಾವುದೋ ಸಣ್ಣ ತಪ್ಪು ಒಪ್ಪಿಕೊಳ್ಳುವವನ ಹಾಗೆ ಕೇಳಿದ.

"ಯವ್ವಾ, ನಮ್ಮ ಮಾಲು ಕೆಂಪಗ ಯಾಕಿರ್ತೈತಿ? ಇಪ್ಪತ್ತ ವರ್ಷ ಆತು ಹೊರಾಕತ್ತಿ. ಯಾರನ್ನ ಕೇಳಬೇಕು ಗೊತ್ತಾಗಲಿಲ್ಲ."

ನಾನು ಹೇಳಿದೆ. ಕಬ್ಬಿಣಕ್ಕೂ ಗಾಳಿಯಲ್ಲಿರುವ ಆಮ್ಲಜನಕಕ್ಕೂ ಜೋಡಿಯಾದರೆ ಆ ಬಣ್ಣ ಬರುತ್ತದೆ, ನಮ್ಮ ಹಳೇ ಕೊಡಲಿಯ ಮೇಲೆ ಮಳೆಗಾಲದಲ್ಲಿ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ಬಳಗ.

"ಅಂದ್ರ ತುಕ್ಕು?"

"ಹೂಂ. ತುಕ್ಕಿನ ಕಡ್ಯಾರ ಅಂತ ತಿಳಿ."

ಅಪ್ಪ ನಗಲು ಶುರು ಮಾಡಿದ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಏ, ಕೇಳಿಲ್ಲಿ!" ಎಂದು ಒಳಗಿದ್ದ ಅವ್ವನನ್ನು ಕೂಗಿದ. "ಇಪ್ಪತ್ತ ವರ್ಷ ನಾ ತುಕ್ಕ ಹೊತ್ತೀನಂತ! ಒಬ್ಬ ಮಗನೂ ಹೇಳಲಿಲ್ಲ ನೋಡ!" ಅವ್ವ ಪಾತ್ರೆ ಹಿಡಿದು ಹೊರಗೆ ಬಂದಳು, ಏನಾಯಿತೆಂದು ತಿಳಿಯದೆ ತಾನೂ ನಕ್ಕಳು.

ಆಮೇಲೆ ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, ಕಾಲು ಮಡಚಿ, ಪುಸ್ತಕಕ್ಕೆ ಹತ್ತಿರ ಸರಿದು ಕೂತ.

"ಮತ್ತ ಏನೇನ ಕಲಿಸ್ಯಾರ, ಹೇಳು. ಮೊದಲಿಂದ ಹೇಳು" ಅಂದ.

ನಾನು ಪುಸ್ತಕವನ್ನು ಅವನ ಕಡೆ ತಿರುಗಿಸಿ ಮೊದಲನೇ ಪಾಠ ತೆಗೆದೆ.